ಎಡಸುತ್ತು

ನಮ್ಮ ಅಂಗಡಿಯಲ್ಲಿ ಕೆಲಸ ಅಂದರೆ ಸುತ್ತುವುದು. ಹೊಸನಗರದ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ, ಒಂದೇ ಶಟರಿನ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳು ಜೀಪಿನಲ್ಲಿ ಬರುತ್ತವೆ. ಒಳಗಿನ ಕರಕಲು ತಂತಿಯನ್ನು ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕಳಿಸುತ್ತೇವೆ. ಮೊದಲು ನನ್ನ ಗಂಡ ಮೋಟಾರು ಕಟ್ಟುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಕಾಯಿಲ್ ಸುತ್ತುವ ಹಿಡಿ ತಿರುಗಿಸುತ್ತಿದ್ದೆ. ಈಗ ಎರಡೂ ನಾನೇ. ಹೆಂಗಸು ಮೋಟಾರು ಕಟ್ಟುತ್ತಾಳಾ ಎಂದು ಮೊದಮೊದಲು ಬಾಗಿಲಲ್ಲಿ ನಿಂತು ನೋಡುವವರಿದ್ದರು. ನೋಡಲಿ, ನೋಡಿದರೆ ತಂತಿ ಸವೆಯುವುದಿಲ್ಲ ಎಂದು ಸುಮ್ಮನಿದ್ದೆ. ಈಗ ಯಾರೂ ನಿಲ್ಲುವುದಿಲ್ಲ.

ಆ ಅಂಗಡಿಯ ಡ್ರಾಯರಿನಲ್ಲಿ, ಸ್ಕ್ರೂಡ್ರೈವರುಗಳ ಜೊತೆ, ಒಂದು ಕಪ್ಪು ಪ್ಲಾಸ್ಟಿಕ್ಕಿನ ವಸ್ತು ಬಿದ್ದಿದೆ. ಒಂದು ತುದಿಯಲ್ಲಿ ಚೌಕದ ಬಾಯಿ, ಇನ್ನೊಂದು ತುದಿಯಲ್ಲಿ ಗಿರಗಿರ ತಿರುಗುವ ಹಿಡಿ. ಗಿಟಾರಿನ ಬಿರಡೆಗೆ ಆ ಬಾಯಿ ಕಚ್ಚಿಸಿ ಹಿಡಿ ತಿರುಗಿಸಿದರೆ ತಂತಿ ಬೇಗ ಸುತ್ತಿಕೊಳ್ಳುತ್ತದೆ, ಬೇಗ ಬಿಚ್ಚಿಕೊಳ್ಳುತ್ತದೆ. ಗಿಟಾರಿನವರು ಅದಕ್ಕೆ ವೈಂಡರ್ ಅನ್ನುತ್ತಾರೆ. ನಮ್ಮ ಅತ್ತೆ ತಿರುಗಣಿ ಅನ್ನುತ್ತಾರೆ. ಮಗಳಿಗೆ ಈಗ ಅದು ಬೇಡವಂತೆ. ಬಿಸಾಡುವುದಕ್ಕೆ ನನಗೆ ಮನಸ್ಸಿಲ್ಲ, ಹಾಗಾಗಿ ಅಲ್ಲಿದೆ.

ಇವರಿಗೆ ಹಗಲು ಮೋಟಾರು, ಗಣಪತಿ ಹಬ್ಬ ಬಂದರೆ ಗಿಟಾರು. ನೋಡಿ, ಇವರು ಅಂದೆ. ಎದುರಿಗೆ ಇಲ್ಲದವರನ್ನು ಅವರು ಅನ್ನಬೇಕು, ಗೊತ್ತು. ಬಾಯಿ ಹೊರಳುವುದಿಲ್ಲ. ಇವರು ರಸಮಂಜರಿ ತಂಡವೊಂದರಲ್ಲಿ ನುಡಿಸುತ್ತಿದ್ದರು. ಸಾಗರ, ತೀರ್ಥಹಳ್ಳಿ, ಕವಲೇದುರ್ಗದ ಬುಡದ ಊರುಗಳು, ಎಲ್ಲಿ ಗಣಪತಿ ಪೆಂಡಾಲು ಹಾಕಿದರೂ ಆ ತಂಡ ಹೋಗುತ್ತಿತ್ತು. ಹಾಡುವವರ ಹೆಸರನ್ನು ಮೈಕಿನಲ್ಲಿ ಹಾಡಿಗೊಮ್ಮೆ ಕೂಗುತ್ತಾರೆ. ಗಿಟಾರಿನವರ ಹೆಸರು ಕೊನೆಯಲ್ಲಿ, ಜನ ಎದ್ದು ಚಾಪೆ ಕೊಡವುವಾಗ. ಇವರಿಗೆ ಅದರ ಬಗ್ಗೆ ಬೇಜಾರಿರಲಿಲ್ಲ. ನನಗಿತ್ತು.

ಹಬ್ಬಕ್ಕೆ ಮುಂಚಿನ ಭಾನುವಾರ ಜಗಲಿಯಲ್ಲಿ ಕೂತು ಹೊಸ ತಂತಿ ಹಾಕುತ್ತಿದ್ದರು. ಗಿಟಾರಿನ ತಲೆಯಲ್ಲಿ ಈ ಕಡೆ ಮೂರು ಬಿರಡೆ, ಆ ಕಡೆ ಮೂರು. ದಪ್ಪ ತಂತಿಯ ಮೂರನ್ನು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಸಣ್ಣ ತಂತಿಯ ಮೂರನ್ನು ಬಲಕ್ಕೆ. ಬಿಚ್ಚುವಾಗ ಅದರ ಉಲ್ಟಾ. ತಂಡದವರೆಲ್ಲ ವೈಂಡರ್ ಇಟ್ಟುಕೊಂಡಿದ್ದರೂ ಇವರು ಮಾತ್ರ ಬೆರಳಿನಲ್ಲೇ ತಿರುಗಿಸುತ್ತಿದ್ದರು. "ದಿನಾ ಅಂಗಡೀಲಿ ಹಿಡಿ ತಿರುಗಿಸೋದು ಸಾಕಾಗ್ಲಿಲ್ವಾ ಮಾರಾಯ್ತಿ? ಬೆರಳಾದ್ರೆ ಬಿಗಿ ಎಷ್ಟು ಅಂತ ಗೊತ್ತಾಗ್ತದೆ. ಹಿಡಿಗೆ ಎಂತ ಗೊತ್ತಾಗ್ತದೆ?" ಅನ್ನುತ್ತಿದ್ದರು.

ಇವರು ಎಡಕ್ಕೆ ತಿರುಗಿಸುವ ಹೊತ್ತಿಗೆ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ಅತ್ತೆಯ ಲೋಕದಲ್ಲಿ ಎಲ್ಲವೂ ಬಲಕ್ಕೆ ತಿರುಗಬೇಕು. ರುಬ್ಬುವ ಗುಂಡು ಬಲಕ್ಕೆ, ಪಾಯಸದ ಸೌಟು ಬಲಕ್ಕೆ. ಮದುವೆಯಾಗಿ ಬಂದ ಹೊಸದರಲ್ಲಿ ಸಾರನ್ನು ಎಡಕ್ಕೆ ಕದಡಿ ನಾನು ಬೈಸಿಕೊಂಡಿದ್ದೇನೆ. "ಎಡಸುತ್ತು ಸತ್ತೋರಿಗೆ ಕಣೇ. ಉಣ್ಣೋ ಮನೇಲಿ ಬಲಸುತ್ತು." ನಮ್ಮ ಕಡೆ ಚಿತೆಗೆ ಬೆಂಕಿ ಇಡುವ ಮುಂಚೆ, ಕ್ರಿಯೆ ಮಾಡುವವನು ನೀರಿನ ಮಡಕೆ ಹೆಗಲಿಗೇರಿಸಿ ಎಡಕ್ಕೆ ಸುತ್ತು ಬರುತ್ತಾನೆ. ದೇವರಿಗೆ ಮತ್ತು ಬದುಕಿದವರಿಗೆ ಬಲಸುತ್ತು, ಹೋದವರಿಗೆ ಎಡಸುತ್ತು. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಸಾರಿನ ಪಾತ್ರೆಯವರೆಗೂ ಇದನ್ನು ಎಳೆದು ತಂದವರು ನಾನು ಕಂಡಂತೆ ನಮ್ಮ ಅತ್ತೆ ಒಬ್ಬರೇ.

ಮನೆಗೆ ಸೀಲಿಂಗ್ ಫ್ಯಾನ್ ಹಾಕಿದಾಗ ಇದೇ ಒಂದು ರಾಮಾಯಣ ಆಯಿತು. ಫ್ಯಾನು ಎಡಕ್ಕೆ ತಿರುಗುತ್ತದೆ ಎಂದು ಅತ್ತೆ ಕಂಡುಹಿಡಿದರು. ಅದರ ಕೆಳಗೆ ಮಲಗುವುದಿಲ್ಲ ಎಂದು ಚಾಪೆ ಸುತ್ತಿಕೊಂಡು ಎದ್ದರು. ಮೋಟಾರಿನ ಕಸುಬಿನ ಮಗ ಬಲಕ್ಕೆ ತಿರುಗುವ ಹಾಗೆ ಮಾಡಿಕೊಡಲಿ ಎಂಬುದು ಅವರ ವಾದ. ಇವರು ಸ್ಟೂಲಿನ ಮೇಲೆ ನಿಂತವರು ಅಲ್ಲಿಂದಲೇ ಹೇಳಿದರು. "ಕೆಳಗಿಂದ ನೋಡಿದ್ರೆ ಎಡ ಅಮ್ಮ. ಮೇಲಿಂದ ನೋಡಿದ್ರೆ ಬಲಕ್ಕೇ ತಿರುಗ್ತದೆ. ದೇವ್ರು ನೋಡೋದು ಮೇಲಿಂದ ಅಲ್ದಾ?" ಅತ್ತೆ ತುಸು ಹೊತ್ತು ಫ್ಯಾನನ್ನೇ ನೋಡಿ, "ತಲೆಹರಟೆ" ಎಂದು ಚಾಪೆ ಹಾಸಿಕೊಂಡರು. ಆಮೇಲೆ ಪ್ರತಿ ಬೇಸಗೆಯಲ್ಲೂ ಫ್ಯಾನು ಹಾಕುವಾಗ ಇವರು "ಮೇಲಿಂದ ಬಲಕ್ಕೇ ಅಮ್ಮ" ಅನ್ನುವುದು, ಅತ್ತೆ "ತಲೆಹರಟೆ" ಅನ್ನುವುದು ರೂಢಿಯಾಯಿತು.

ಇವರಿಗೆ ಬಂದದ್ದು ಕ್ಯಾನ್ಸರು. ಮಾಸ್ತಿಕಟ್ಟೆ ದಾಟಿ, ಘಾಟಿ ಇಳಿದು, ಕರಾವಳಿಯ ಆಸ್ಪತ್ರೆಗೆ ಹೋಗಿ ಕೀಮೋ ಹಾಕಿಸಿಕೊಂಡು ಬರುವುದು. ಘಾಟಿಯ ಪ್ರತಿ ತಿರುವಿನಲ್ಲೂ ಇವರು ವಾಂತಿ ಮಾಡುತ್ತಿದ್ದರು, ನಾನು ಕವರು ಹಿಡಿಯುತ್ತಿದ್ದೆ. ಕೂದಲು ಹೋಯಿತು, ಅದಕ್ಕೆ ಇವರು ತಲೆಕೆಡಿಸಿಕೊಳ್ಳಲಿಲ್ಲ. "ಎಣ್ಣೆ ಉಳೀತು" ಅಂದರು. ಆದರೆ ಬೆರಳ ತುದಿಗಳು ಮರಗಟ್ಟತೊಡಗಿದಾಗ ಮಾತು ಕಮ್ಮಿಯಾಯಿತು. ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಬಿಸಿ ಲೋಟ ಹಿಡಿದರೆ ಬಿಸಿ ಗೊತ್ತಾಗುತ್ತಿರಲಿಲ್ಲ. ಔಷಧಿಯಿಂದ ಹಾಗಾಗುತ್ತದೆ, ನಿಧಾನಕ್ಕೆ ಸರಿಹೋಗಬಹುದು ಎಂದರು ಡಾಕ್ಟರು. ಒಂದು ದಿನ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, "ಅದೂ ಮರ, ಇದೂ ಮರ, ಜೋಡಿ ಸರಿಯಾಯ್ತು" ಎಂದು ತಾವೇ ನಕ್ಕರು. ನಾನು ನಗಲಿಲ್ಲ.

ಆ ಸಲದ ಗಣಪತಿಗೆ ತಂಡದ ಜೊತೆ ಹೋಗುವುದಂತೂ ಇರಲಿಲ್ಲ. ಆದರೂ ಹೊಸ ತಂತಿ ಹಾಕಬೇಕು ಎಂದರು. ಸಾಗರದಲ್ಲಿ ಓದುತ್ತಿದ್ದ ಮಗಳು ತಂತಿಯ ಜೊತೆಗೆ ಈ ವೈಂಡರನ್ನೂ ತಂದಳು. ಇವರು ಅದನ್ನು ಬೇಡ ಅನ್ನಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಹಿಡಿಯನ್ನು ಒಮ್ಮೆ ತಿರುಗಿಸಿ ನೋಡಿದರು. ಬೇಡ ಅನ್ನದೆ ಇದ್ದದ್ದೇ ನನಗೆ ಕಷ್ಟವಾಯಿತು.

ತಂತಿ ಹಾಕಿದ ದಿನ ನಾನು ಅಂಗಡಿಯಲ್ಲಿದ್ದೆ. ತೋಟದ ಮೋಟಾರೊಂದು ಅರ್ಜೆಂಟು ಅಂತ ತಂದಿಟ್ಟಿದ್ದರು. ಮಗಳು ಸಾಗರಕ್ಕೆ ಹೋಗಿಯಾಗಿತ್ತು. ಸಂಜೆ ಮನೆಗೆ ಬಂದರೆ ಗಿಟಾರಿಗೆ ಹೊಸ ತಂತಿ ಬಿದ್ದಿದೆ, ಇವರು ಗೋಡೆಗೆ ಒರಗಿ ಕೂತು ಒಂದೊಂದೇ ಬಿರಡೆಯನ್ನು ನಿಧಾನಕ್ಕೆ ತಿರುವುತ್ತಾ ಶ್ರುತಿ ಮಾಡುತ್ತಿದ್ದಾರೆ. ಅತ್ತೆ ಎದುರಿಗೆ ಕೂತಿದ್ದರು, ಕೈಯಲ್ಲಿ ತಿರುಗಣಿ.

"ಅಮ್ಮ ಸುತ್ತಿದ್ದು" ಅಂದರು ಇವರು.

"ಹೆಂಗೆ ಸುತ್ತಿದಾರೆ?" ಎಂದು ಕೇಳಿದೆ.

"ಗಟ್ಟಿ ಸುತ್ತಿದಾಳೆ. ಅಂಗಡಿಗೆ ಕರ್ಕೊಂಡು ಹೋಗು ನಾಳೆಯಿಂದ."

ಅತ್ತೆ ತಿರುಗಣಿ ಕೆಳಗಿಟ್ಟು ಎದ್ದು ಒಳಗೆ ಹೋದರು. ನಾನು ಕೈಕಾಲು ತೊಳೆಯಲು ಹೋದೆ. ಆಮೇಲೆ ಇವರು ದಿನಾ ಸ್ವಲ್ಪ ಹೊತ್ತು ನುಡಿಸುತ್ತಿದ್ದರು. ಹಾಡು ಅಲ್ಲ, ಒಂದೊಂದೇ ತಂತಿ. ಮರಗಟ್ಟಿದ ಬೆರಳು ಎಲ್ಲಿ ಕೂತಿದೆ ಎಂದು ಕಣ್ಣಿನಿಂದ ನೋಡಿಕೊಂಡು ಒತ್ತುತ್ತಿದ್ದರು. ದೀಪಾವಳಿ ದಾಟಿದ ಮೇಲೆ ಅದೂ ನಿಂತಿತು. ಮಳೆ ಬಿಟ್ಟು ಚಳಿ ಹಿಡಿಯುವ ಹೊತ್ತಿಗೆ ಹೋದರು.

ನಮ್ಮ ಕಡೆ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಇವರ ಚಿಕ್ಕಪ್ಪನ ಮಗ ಮಡಕೆ ಹೊತ್ತ. ಅಂಗಳದ ತುದಿಯವರೆಗೆ ನಾವು ಮೂವರು ಹೋದೆವು, ಅತ್ತೆ, ನಾನು, ಮಗಳು. ಅಲ್ಲಿ ನಿಲ್ಲಿಸಿದರು, ನಿಂತೆವು. ಅತ್ತೆ ಅಳಲಿಲ್ಲ. ನಾನೂ ಅಳಲಿಲ್ಲ. "ಅತ್ತುಬಿಡೇ, ಹಗುರಾಗ್ತದೆ" ಎಂದು ಬಂದವರೆಲ್ಲ ಬೆನ್ನು ಸವರಿದರು. ಅಳುವುದು ಏನು, ಸ್ವಿಚ್ಚು ಹಾಕಿದರೆ ಬರುತ್ತದೆಯೇ ಎಂದು ಒಳಗೇ ಸಿಟ್ಟು ಬಂತು. ಸಿಟ್ಟು ಕೂಡ ಪೂರ್ತಿ ಬರಲಿಲ್ಲ, ಅರ್ಧಕ್ಕೆ ನಿಂತಿತು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನವೇ ಅಂಗಡಿಯ ಶಟರು ಎತ್ತಿದೆ. ಜನ ಮಾತಾಡಿಕೊಂಡಿರಬಹುದು, ಮಾತಾಡಿಕೊಳ್ಳಲಿ. ಹಿಡಿ ತಿರುಗಿಸುತ್ತಿದ್ದೆ, ತಂತಿ ಸುತ್ತುತ್ತಿತ್ತು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿದು, ಕಾಲು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಹಾಗೆ. ಊಟ ಮಾಡುತ್ತಿದ್ದೆ, ಉಪ್ಪು ಹೆಚ್ಚೋ ಕಮ್ಮಿಯೋ ತಿಳಿಯುತ್ತಿರಲಿಲ್ಲ. ಅತ್ತೆಯೂ ಹಾಗೇ. ಸಾರನ್ನು ಬಲಕ್ಕೆ ಕದಡುತ್ತಿದ್ದರು, ಬಡಿಸುತ್ತಿದ್ದರು. ಇಬ್ಬರೂ ಎದುರುಬದುರು ಕೂತು ಉಂಡು, ತಟ್ಟೆ ತೊಳೆದಿಟ್ಟು ಮಲಗುತ್ತಿದ್ದೆವು. ಇವರ ಮಾತನ್ನು ನಾನು ಎತ್ತುತ್ತಿರಲಿಲ್ಲ, ಅವರೂ ಎತ್ತುತ್ತಿರಲಿಲ್ಲ. ಬೇಸಗೆ ಬಂತು, ಫ್ಯಾನು ಹಾಕಿದೆವು. ಯಾರೂ ಏನೂ ಹೇಳಲಿಲ್ಲ.

ಗಿಟಾರು ಒಳಗಿನ ಕೋಣೆಯ ಮೂಲೆಯಲ್ಲಿ, ಚೀಲದೊಳಗೆ ಇತ್ತು. ಸಾವಾದ ಮನೆಯಲ್ಲಿ ವರ್ಷದವರೆಗೆ ಹಬ್ಬವಿಲ್ಲ, ಹಾಡು ಬಜಾವಣೆ ಇಲ್ಲ. ಅದು ಪದ್ಧತಿ. ಮಗಳು ಅದಕ್ಕೆ ಒಪ್ಪಿಕೊಂಡೇ ಇದ್ದಳು. ಅಪ್ಪನಿಂದ ಕಲಿತವಳು, ಸಾಗರದ ಕಾಲೇಜಿನಲ್ಲಿ ಯಾರದೋ ಗಿಟಾರಿನಲ್ಲಿ ಅಭ್ಯಾಸ ಮಾಡುತ್ತಿದ್ದಳಂತೆ. ವರ್ಷದ ತಿಥಿ ಮುಗಿಯಿತು. ಅದರ ಮುಂದಿನ ಗಣಪತಿ ಹಬ್ಬ ಹತ್ತಿರ ಬಂದಾಗ ತಂಡದವರು ಫೋನು ಮಾಡಿದರು. ತೀರ್ಥಹಳ್ಳಿಯ ಕಾರ್ಯಕ್ರಮದಲ್ಲಿ ಇವಳು ಬಂದು ನುಡಿಸಬೇಕು, ಅಪ್ಪನ ಗಿಟಾರಿನಲ್ಲೇ ನುಡಿಸಬೇಕು, ಇವರು ಕೂರುತ್ತಿದ್ದ ಕುರ್ಚಿಯಲ್ಲೇ ಕೂರಬೇಕು. ಮಗಳು ನನಗೆ ಫೋನು ಮಾಡಿ ಹೇಳುವಾಗ ಅವಳ ಧ್ವನಿ ನಡುಗುತ್ತಿತ್ತು. ಅಷ್ಟು ಆಸೆಯಿಂದ ಅವಳು ಏನನ್ನೂ ಕೇಳಿದವಳಲ್ಲ.

ತಂತಿಗಳು ತುಕ್ಕು ಹಿಡಿದಿದ್ದವು. ನಮ್ಮ ಮಳೆಗೆ ಕಬ್ಬಿಣದ ಬಾಗಿಲೇ ಉಳಿಯುವುದಿಲ್ಲ, ತಂತಿ ಎಲ್ಲಿ ಉಳಿಯಬೇಕು. ಹಳೆಯದನ್ನು ಬಿಚ್ಚಿ ಹೊಸದು ಹಾಕಬೇಕು. ನಾನು ಅತ್ತೆಗೆ ಹೇಳಿದೆ.

"ಆ ತಂತಿ ಬಿಚ್ಚೋದು ಬೇಡ" ಅಂದರು ಅತ್ತೆ.

"ವರ್ಷ ಆಯ್ತಲ್ಲ ಅತ್ತೆ."

"ಆಗ್ಲಿ. ತಂತಿ ಮುಟ್ಬೇಡಿ."

ಯಾಕೆ ಎಂದು ಹೇಳಲಿಲ್ಲ. ಮಗ ಕೊನೆಗೆ ಮುಟ್ಟಿದ ತಂತಿ, ಅದಕ್ಕೇ ಇರಬೇಕು ಎಂದುಕೊಂಡೆ. ಅದು ನನಗೂ ಅರ್ಥವಾಗುವ ಮಾತು. ಆದರೆ ಮಗಳ ನಡುಗುವ ಧ್ವನಿಯೂ ಕಿವಿಯಲ್ಲಿತ್ತು. ಮತ್ತೆರಡು ಸಲ ಕೇಳಿದೆ, ಉತ್ತರ ಅದೇ. ಬೇರೆ ಗಿಟಾರು ಹಿಡಿದುಕೊಂಡು ಹೋಗು ಎಂದು ಮಗಳಿಗೆ ಹೇಳಬಹುದಿತ್ತು. ಹೇಳಿದರೆ ಹೋಗುತ್ತಿದ್ದಳು ಕೂಡ. ಆದರೆ ಆ ಕುರ್ಚಿಯಲ್ಲಿ ಯಾರದೋ ಗಿಟಾರು ಹಿಡಿದು ಕೂರುವ ಮಗಳನ್ನು ನೆನೆಸಿಕೊಂಡರೆ ನನಗೇ ಬೇಡವಾಯಿತು.

ಹಬ್ಬಕ್ಕೆ ಮುಂಚಿನ ಭಾನುವಾರ ಮಗಳು ಹೊಸ ತಂತಿ ತಂದಳು. ಅತ್ತೆ ಹಿತ್ತಲಲ್ಲಿ ಬಸಳೆ ಚಪ್ಪರದ ಕೆಳಗಿದ್ದರು. ಮಗಳು ಗಿಟಾರನ್ನು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡಿದಳು.

"ಅಜ್ಜಿ ಬೇಡ ಅಂದಿದಾಳಲ್ಲ ಅಮ್ಮ."

"ಬಿಚ್ಚು. ಬೈದ್ರೆ ನಂಗೆ ಬೈತಾರೆ. ನಂಗೆ ಅಭ್ಯಾಸ ಇದೆ."

ಅವಳು ದಪ್ಪ ತಂತಿಗಳ ಕಡೆಯ ಒಂದು ಬಿರಡೆಗೆ ವೈಂಡರ್ ಕಚ್ಚಿಸಿ, ಸಡಿಲ ಮಾಡುವ ಕಡೆಗೆ, ಅಂದರೆ ಬಲಕ್ಕೆ, ಗಿರಗಿರ ತಿರುಗಿಸಿದಳು. ಫಟ್ ಅಂತ ತಂತಿ ಹರಿದು ಅವಳ ಮಣಿಕಟ್ಟಿಗೆ ಬಡಿಯಿತು. ಕೆಂಪಗೆ ಗೀರು ಎದ್ದಿತು.

"ಸಡಿಲ ಮಾಡ್ತಾ ಇದ್ದೆ ಅಮ್ಮ" ಅಂದಳು. ಅವಳಿಗೆ ನೋವಿಗಿಂತ ಆಶ್ಚರ್ಯ ಹೆಚ್ಚಾಗಿತ್ತು. "ಅದು ಬಿಗಿ ಆಗ್ತಾ ಹೋಗಿದೆ. ವೈಂಡರಲ್ಲಿ ಗೊತ್ತೇ ಆಗ್ಲಿಲ್ಲ."

ಹಿಡಿಗೆ ಎಂತ ಗೊತ್ತಾಗ್ತದೆ ಎಂದು ಇವರು ಅಂದದ್ದು ನೆನಪಾಯಿತು. ನಾನು ಕನ್ನಡಕ ಹಾಕಿಕೊಂಡು ಗಿಟಾರಿನ ತಲೆಯನ್ನು ಬೆಳಕಿಗೆ ಹಿಡಿದೆ. ಸುತ್ತು ನೋಡುವುದು ನನ್ನ ಕಸುಬು. ಸಣ್ಣ ತಂತಿಯ ಮೂರು ಸರಿಯಾಗಿದ್ದವು. ದಪ್ಪ ತಂತಿಯ ಮೂರು ಮಾತ್ರ, ಬಿರಡೆಯ ಗೂಟದ ಒಳಬದಿಯಿಂದ ಸುತ್ತಿಕೊಳ್ಳಬೇಕಾದವು, ಹೊರಬದಿಯಿಂದ ಸುತ್ತಿಕೊಂಡಿದ್ದವು. ಅಂದರೆ ಆರನ್ನೂ ಒಂದೇ ಕಡೆಗೆ ತಿರುಗಿಸಿ ಸುತ್ತಿದ್ದರು. ಆರೂ ಬಲಕ್ಕೆ.

"ಯಾರು ಹಿಂಗೆ ಹಾಕಿದ್ದು?" ಅಂದಳು ಮಗಳು. "ಅಪ್ಪ ಹಿಂಗೆ ಹಾಕಲ್ಲ."

"ನಾನು" ಎಂದಿತು ಹಿಂದಿನಿಂದ ಧ್ವನಿ. ಅತ್ತೆ ಬಸಳೆಯ ಕಟ್ಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಬಂದು ಮೊದಲು ಮೊಮ್ಮಗಳ ಮಣಿಕಟ್ಟು ನೋಡಿದರು, ಸೆರಗಿನಿಂದ ಒತ್ತಿದರು. ಆಮೇಲೆ ಜಗಲಿಯ ಮೇಲೆ ಕೂತರು.

"ಮೂರು ಬಲಕ್ಕೆ, ಮೂರು ಎಡಕ್ಕೆ ತಿರುಗ್ಸಮ್ಮ ಅಂದ. ಹೂಂ ಅಂದೆ. ಆರೂ ಬಲಕ್ಕೇ ತಿರುಗಿಸ್ದೆ."

"ಅವರಿಗೆ ಗೊತ್ತಾಯ್ತಾ ಅತ್ತೆ?"

"ಗೊತ್ತಾಗ್ದೆ ಇರ್ತದಾ. ಎದುರಿಗೇ ಒರಗಿ ಕೂತು ನನ್ನ ಕೈ ನೋಡ್ತಾ ಇದ್ದ."

"ಎಂತ ಅಂದ್ರು?"

"ಎಂತ ಇಲ್ಲ. ಇರ್ಲಿ ಬಿಡಮ್ಮ, ನಂಗೆ ರೂಢಿ ಆಗ್ತದೆ ಅಂದ."

ನಾನು ಗಿಟಾರನ್ನೇ ನೋಡುತ್ತಾ ಕೂತೆ. ಒಮ್ಮೆ ಅಂಗಡಿಯಲ್ಲಿ ನಾನು ಒಂದು ಕಾಯಿಲನ್ನು ಉಲ್ಟಾ ಸುತ್ತಿದ್ದೆ. ಒಂದು ಕಾಯಿಲ್ ಉಲ್ಟಾ ಕೂತರೆ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಇಡೀ ದಿನದ ಕೆಲಸವನ್ನು ಇವರು ಮುಲಾಜಿಲ್ಲದೆ ಬಿಚ್ಚಿಸಿದ್ದರು. "ತಪ್ಪು ಸುತ್ತು ತಪ್ಪೇ. ಬಿಚ್ಚಿ ಸುತ್ಬೇಕು, ಬೇರೆ ದಾರಿ ಇಲ್ಲ" ಅಂದವರು ಇವರು. ಅಂಥ ಮನುಷ್ಯ, ಅರ್ಧದಷ್ಟು ಬಿರಡೆಗಳು ಉಲ್ಟಾ ತಿರುಗುವ ಗಿಟಾರನ್ನು, ಸ್ಪರ್ಶವೇ ಇಲ್ಲದ ಬೆರಳುಗಳಲ್ಲಿ, ದಿನಾ ಸಂಜೆ ಶ್ರುತಿ ಮಾಡಿಕೊಂಡಿದ್ದರು. ನನಗೂ ಹೇಳಲಿಲ್ಲ. ಗಟ್ಟಿ ಸುತ್ತಿದಾಳೆ ಅಂದರು, ಅಷ್ಟೇ.

"ಜೀವ ಇರೋ ಮಗನ ಎದುರಿಗೆ ಕೂತು ಎಡಕ್ಕೆ ಹೆಂಗೆ ತಿರುಗಿಸ್ಲೇ?" ಅಂದರು ಅತ್ತೆ. ನನ್ನನ್ನು ಕೇಳಿದ್ದಲ್ಲ. "ನಂಗೆ ಕೈ ಬರ್ಲಿಲ್ಲ. ಈಗ ಬಿಚ್ಬೇಕು ಅಂದ್ರೆ ಆರೂ ಎಡಕ್ಕೇ ತಿರುಗಿಸ್ಬೇಕಲ್ಲ. ಅದ್ಕೇ ಬೇಡ ಅಂದಿದ್ದು."

ಮಗಳು ವೈಂಡರನ್ನು ಕೆಳಗಿಟ್ಟಳು. "ಬೇಡ ಬಿಡು ಅಜ್ಜಿ. ತಂಡದವ್ರ ಹತ್ರ ಬೇರೆ ಗಿಟಾರಿದೆ. ಅದ್ರಲ್ಲೇ ನುಡಿಸ್ತೀನಿ."

ಅವಳು ಮನಸ್ಸಿನಿಂದಲೇ ಅಂದಳು. ನಾನು ಅವಳ ಮುಖ ನೋಡಲಾಗದೆ ಬಸಳೆಯ ಕಟ್ಟನ್ನು ಹತ್ತಿರ ಎಳೆದುಕೊಂಡು ಎಲೆ ಬಿಡಿಸತೊಡಗಿದೆ. ಬೀದಿಯಲ್ಲಿ ಹುಡುಗರು ಗಣಪತಿ ಪೆಂಡಾಲಿಗೆ ಬಿದಿರು ಹೊತ್ತುಕೊಂಡು ಹೋಗುತ್ತಿದ್ದರು. ಅತ್ತೆ ಅವರನ್ನೇ ನೋಡುತ್ತಿದ್ದರು. ಅವರೆಲ್ಲ ತಿರುವು ದಾಟಿ ಹೋದ ಮೇಲೆ ಕೈ ಚಾಚಿದರು.

"ಕೊಡು ಇಲ್ಲಿ."

ಮಗಳು ಗಿಟಾರನ್ನು ಅಜ್ಜಿಯ ಕಡೆಗೆ ತಿರುಗಿಸಿ ಹಿಡಿದಳು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಿರುಗಣಿಯನ್ನು ಬಿರಡೆಗೆ ಕಚ್ಚಿಸಿದರು. ಹಿಡಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಎಡಕ್ಕೆ ತಿರುಗಿಸಿದರು. ತಂತಿ ಕುಂಯ್ ಎಂದು ಇಳಿಯುತ್ತಾ ಸಡಿಲವಾಗಿ ಸುರುಳಿಯಾಗಿ ಬಿತ್ತು. ಅದನ್ನು ತೆಗೆದು ಪಕ್ಕಕ್ಕಿಟ್ಟು ಮುಂದಿನ ಬಿರಡೆಗೆ ಹೋದರು. ಅವಸರವಿಲ್ಲ, ನಿಲ್ಲಿಸುವುದೂ ಇಲ್ಲ. ಹರಿದ ತಂತಿಯ ತುಂಡು ಗೂಟದಲ್ಲೇ ಉಳಿದಿತ್ತು, ಅದನ್ನೂ ಬಿಡದೆ ಎಡಕ್ಕೆ ತಿರುಗಿಸಿಯೇ ಬಿಚ್ಚಿದರು. ಅಂಗಳದ ತುದಿಯಲ್ಲಿ ನಿಲ್ಲಿಸಿದಾಗ ನಿಂತ ಹೆಂಗಸು ಈಗ ಮಗನಿಗೆ ಎಡಸುತ್ತು ಬರುತ್ತಿದ್ದರು, ನಿಲ್ಲಿಸುವವರು ಯಾರೂ ಇರಲಿಲ್ಲ. ನನ್ನ ಕೈಯಲ್ಲಿದ್ದ ಬಸಳೆ ಎಲೆ ಒದ್ದೆಯಾಗಿದ್ದು ನೋಡಿ, ನಾನು ಅಳುತ್ತಿದ್ದೇನೆ ಎಂದು ಗೊತ್ತಾಯಿತು. ಜೋಮು ಬಿಡುವಾಗ ಕಾಲು ಚುಚ್ಚುತ್ತದಲ್ಲ, ಎದೆ ಹಾಗೆ ಚುಚ್ಚಿತು. ಇವರು ಇಲ್ಲ ಎಂದು ಅವತ್ತು, ಆ ಜಗಲಿಯಲ್ಲಿ, ಮೊದಲ ಸಲ ನೋವಾಯಿತು.

ಕೊನೆಯ ತಂತಿ ಬಿಚ್ಚುವಾಗ ಅತ್ತೆ ತಲೆ ಎತ್ತಲಿಲ್ಲ. ತಿರುಗಿಸುತ್ತಲೇ ಕೇಳಿದರು.

"ಮೇಲಿಂದ ನೋಡಿದ್ರೆ ಬಲಕ್ಕೇ ಅಲ್ದೇನೇ?"

"ಹೌದು ಅತ್ತೆ" ಅಂದೆ. "ಬಲಕ್ಕೇ."